ಮೂರು ಅಂಕಿಗಳ ಕೂಗು: ಪಿಕಲ್‌ಬಾಲ್‌ನ ಎಣಿಕೆ ಮತ್ತು ಮೂಲ ನಿಯಮಗಳು

“ನಾಲ್ಕು, ಎರಡು, ಒಂದು” ಎಂದು ಕೂಗಿ ಚೆಂಡು ಹೊಡೆದವರನ್ನು ದಾವಣಗೆರೆಯ ಶಟಲ್ ಅಂಗಳವೊಂದರಲ್ಲಿ ಮೊದಲ ಸಲ ಕಂಡಾಗ, ಎರಡೇ ಪಕ್ಷಗಳಿರುವ ಆಟದಲ್ಲಿ ಮೂರನೆಯ ಅಂಕ ಯಾರದೆಂದು ಪಕ್ಕದಲ್ಲಿ ಕುಳಿತಿದ್ದವರನ್ನು ನಾನು ಕೇಳಿದ್ದೆ. ಅವರಿಗೂ ಗೊತ್ತಿರಲಿಲ್ಲ, ಎರಡು ವಾರದಿಂದ ಆಡುತ್ತಿದ್ದರೂ. ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ನೆಟ್ಟಿನಾಚೆ ಹೊಡೆಯುವ ಈ ಪಿಕಲ್‌ಬಾಲ್ ಕಲಿಯಲು ಬರುವ ಬಹಳ ಜನರ ಸ್ಥಿತಿ ಇದೇ ಆಗಿದೆ. ಹೊಡೆತ ಒಂದೆರಡು ಸಂಜೆಗಳಲ್ಲಿ ಕೈಗೆ ಹತ್ತುತ್ತದೆ. ಎಣಿಕೆ ಮಾತ್ರ ತಿಂಗಳಾದರೂ ತಲೆಗೆ ಹತ್ತುವುದಿಲ್ಲ, ಏಕೆಂದರೆ ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಆದರೆ ಆ ಮೂರು ಅಂಕಿಗಳನ್ನು ಕಿವಿಗೊಟ್ಟು ಕೇಳಿದರೆ ಈಗ ಯಾರು ಸರ್ವ್ ಮಾಡಬೇಕು, ಯಾವ ಕಡೆಯಿಂದ ಮಾಡಬೇಕು, ಉಳಿದ ಮೂವರು ಎಲ್ಲಿ ನಿಂತಿರಬೇಕು, ಈ ರ‍್ಯಾಲಿ (ಒಂದು ಸರ್ವ್‌ನಿಂದ ಚೆಂಡು ನಿಲ್ಲುವವರೆಗಿನ ಆಟ) ಸೋತರೆ ಸರ್ವಿಸ್ ಯಾರಿಗೆ ಹೋಗುತ್ತದೆ ಎಂಬುದೆಲ್ಲ ಆ ಒಂದು ಕೂಗಿನಲ್ಲೇ ತಿಳಿದುಬಿಡುತ್ತದೆ. ಅಲ್ಲಿಗೆ ಹೋಗುವ ಮುನ್ನ ಅಂಗಳ, ಸರ್ವ್ ಮತ್ತು ಕಿಚನ್‌ಗಳ ಪರಿಚಯವಾಗಬೇಕು.

ಅಂಗಳ

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಅವರ ಸ್ನೇಹಿತರು ಈ ಆಟವನ್ನು ಹುಟ್ಟುಹಾಕಿದ್ದು ಹಳೆಯ ಬ್ಯಾಡ್ಮಿಂಟನ್ ಅಂಗಳವೊಂದರ ಮೇಲೆ. ಹಾಗಾಗಿ ಇಂದಿಗೂ ಪಿಕಲ್‌ಬಾಲ್ ಅಂಗಳದ ಅಳತೆ ಶಟಲ್ ಡಬಲ್ಸ್ ಅಂಗಳದ್ದೇ ಆಗಿದೆ: 44 ಅಡಿ ಉದ್ದ, 20 ಅಡಿ ಅಗಲ. ಬಡಾವಣೆಯ ಖಾಲಿ ಸೈಟಿನಲ್ಲೋ ಸಮುದಾಯ ಭವನದ ಹಿಂದೋ ಶಟಲ್ ಗೆರೆ ಹಾಕಿಕೊಂಡಿರುವವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಉಳಿದ ಅರ್ಧದಲ್ಲಿ ಎರಡು ಬದಲಾವಣೆಗಳಿವೆ. ಕಂಬಗಳ ಬಳಿ 5 ಅಡಿ 1 ಅಂಗುಲ ಎತ್ತರವಿರುವ ಶಟಲ್ ನೆಟ್ಟನ್ನು ಇಳಿಸಿ, ಪಕ್ಕದ ಗೆರೆಗಳ ಮೇಲೆ 36 ಅಂಗುಲ, ನಡುವೆ 34 ಅಂಗುಲ ಬರುವಂತೆ ಕಟ್ಟಬೇಕು. ನೆಟ್ಟಿನಿಂದ ಎರಡೂ ಕಡೆ 7 ಅಡಿ ದೂರದಲ್ಲಿ ಅಂಗಳದ ಅಗಲಕ್ಕೂ ಒಂದು ಗೆರೆ ಎಳೆಯಬೇಕು. ನೆಟ್ಟಿಗೂ ಈ ಗೆರೆಗೂ ನಡುವಿನ ಜಾಗವೇ ಕಿಚನ್. ಶಟಲ್ ಅಂಗಳದ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಗಿರುವುದರಿಂದ ಅದನ್ನೇ ಕಿಚನ್ ಗೆರೆಯೆಂದು ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಬೇಡಿ. ಅರ್ಧ ಅಡಿ ಕಿರಿದಾದ ಕಿಚನ್‌ಗೆ ಕಾಲು ಒಗ್ಗಿಹೋದರೆ ಸರಿಯಾದ ಅಂಗಳದಲ್ಲಿ ಗೆರೆ ತುಳಿಯುವುದು ಖಚಿತ. ಬೇರೆ ಬಣ್ಣದ ಟೇಪು ಹಚ್ಚಿ ಹೊಸ ಗೆರೆಯನ್ನೇ ಮಾಡಿಕೊಳ್ಳುವುದು ಒಳ್ಳೆಯದು. ಕಿಚನ್ ಗೆರೆಯ ಹಿಂದೆ ಉಳಿಯುವ 15 ಅಡಿಯನ್ನು ನಡುಗೆರೆ ಎರಡು ಮನೆಗಳಾಗಿ ಒಡೆಯುತ್ತದೆ. ಬಲದ ಮನೆ ಮತ್ತು ಎಡದ ಮನೆ ಎಂದು ಕರೆಯೋಣ. ಸಿಂಗಲ್ಸ್‌ಗೂ ಡಬಲ್ಸ್‌ಗೂ ಹೊರಗಿನ ಗೆರೆಗಳೇ ಎಲ್ಲೆಯಾದ್ದರಿಂದ ಶಟಲ್ ಅಂಗಳದ ಒಳಗೆರೆಗಳನ್ನು ಮರೆತುಬಿಡಬಹುದು.

ಚೆಂಡಿನ ವಿಷಯದಲ್ಲಿ ಒಂದೇ ಮಾತು. ಬಯಲಿನಲ್ಲಿ ಆಡುವುದಕ್ಕೆ ಸಾಮಾನ್ಯವಾಗಿ 40 ಸಣ್ಣ ತೂತುಗಳ ಚೆಂಡು, ಒಳಾಂಗಣಕ್ಕೆ 26 ದೊಡ್ಡ ತೂತುಗಳ ಚೆಂಡು ಬಳಕೆಯಲ್ಲಿವೆ. ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಚಿತ್ರದುರ್ಗದ ಬಯಲು ಅಂಗಳದಲ್ಲಿ ಚೆಂಡನ್ನೂ ತಿರುಗಿಸುವುದರಿಂದ, ಅಲ್ಲಿ ಒಳಾಂಗಣದ ಚೆಂಡು ಹಿಡಿದು ಆಷಾಢದಲ್ಲಿ ಆಡಲು ಹೊರಟವರು ಚೆಂಡಿಗಿಂತ ಗಾಳಿಯೊಡನೆ ಹೆಚ್ಚು ಆಡಬೇಕಾಗುತ್ತದೆ.

ಸರ್ವ್ ಮತ್ತು ಎರಡು ಪುಟಿತ

ಸರ್ವ್ ಯಾವಾಗಲೂ ಕೆಳಗೈಯದು. ತೋಳು ಕೆಳಗಿನಿಂದ ಮೇಲಕ್ಕೆ ಬರಬೇಕು, ಪ್ಯಾಡಲ್ ಚೆಂಡಿಗೆ ತಾಗುವುದು ಸೊಂಟಕ್ಕಿಂತ ಕೆಳಗಿರಬೇಕು, ಆ ಕ್ಷಣದಲ್ಲಿ ಪ್ಯಾಡಲ್‌ನ ತಲೆ ಮಣಿಕಟ್ಟಿಗಿಂತ ಮೇಲೆ ಹೋಗಿರಬಾರದು. ಇಷ್ಟನ್ನೂ ಒಟ್ಟಿಗೆ ನೆನಪಿಡುವುದು ಕಷ್ಟವೆನಿಸುವವರಿಗೆ ಇನ್ನೊಂದು ದಾರಿಯಿದೆ: ಚೆಂಡನ್ನು ಎಸೆಯದೆ, ಒತ್ತದೆ, ಕೈಯಿಂದ ಸುಮ್ಮನೆ ಬಿಟ್ಟು, ಅದು ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೆದರೆ ಈ ಮೂರೂ ನಿಬಂಧನೆಗಳು ಅನ್ವಯಿಸುವುದಿಲ್ಲ. ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡೂ ವಿಧದಲ್ಲಿ, ಹೊಡೆಯುವಾಗ ಒಂದು ಪಾದವಾದರೂ ಹಿಂದಿನ ಗೆರೆಯ ಆಚೆ ನೆಲದ ಮೇಲಿರಬೇಕು. ಯಾವ ಪಾದವೂ ಗೆರೆಯನ್ನಾಗಲಿ ಅಂಗಳದ ಒಳಭಾಗವನ್ನಾಗಲಿ ಮುಟ್ಟಿರಬಾರದು.

ಚೆಂಡು ಓರೆಯಾಗಿ ಎದುರಿಗಿರುವ ಮನೆಗೆ ಹೋಗಿ ಬೀಳಬೇಕು. ಬಲಗಡೆಯಿಂದ ಹೊಡೆದರೆ ಎದುರಾಳಿಗಳ ಬಲದ ಮನೆ, ಎಡಗಡೆಯಿಂದಾದರೆ ಅವರ ಎಡದ ಮನೆ. ಕಿಚನ್ ಒಳಗೆ ಅಥವಾ ಕಿಚನ್ ಗೆರೆಯ ಮೇಲೆ ಬಿದ್ದ ಸರ್ವ್ ಫಾಲ್ಟ್, ಅಂದರೆ ಆ ಸರದಿ ಸೋತಂತೆ. ಆ ಮನೆಯ ಉಳಿದ ಗೆರೆಗಳ ಮೇಲೆ ಬಿದ್ದರೆ ಸರಿ. ಅವಕಾಶ ಒಂದೇ, ಟೆನಿಸ್‌ನ ಹಾಗೆ ಎರಡನೆಯ ಸರ್ವ್ ಇಲ್ಲಿಲ್ಲ. ನೆಟ್ಟಿಗೆ ತಾಗಿ ಸರಿಯಾದ ಮನೆಯಲ್ಲೇ ಬಿದ್ದ ಸರ್ವನ್ನು ಮೊದಲು ಲೆಟ್ ಎಂದು ಮತ್ತೆ ಹೊಡೆಸುತ್ತಿದ್ದರು. 2021ರ ನಿಯಮಾವಳಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಆಟ ಮುಂದುವರಿಯುತ್ತದೆ.

ಇನ್ನು ಎರಡು ಪುಟಿತದ ನಿಯಮ. ಸರ್ವ್ ಮಾಡಿದ ಚೆಂಡು ಎದುರಾಳಿಗಳ ಕಡೆ ಒಮ್ಮೆ ಪುಟಿಯಲೇಬೇಕು. ಅವರು ಹಿಂದಿರುಗಿಸಿದ ಚೆಂಡು ಸರ್ವ್ ಮಾಡಿದವರ ಕಡೆಯೂ ಒಮ್ಮೆ ಪುಟಿಯಲೇಬೇಕು. ಆಮೇಲಷ್ಟೇ ಚೆಂಡನ್ನು ಗಾಳಿಯಲ್ಲೇ ಹೊಡೆಯುವ, ಅಂದರೆ ವಾಲಿ ಮಾಡುವ ಸ್ವಾತಂತ್ರ್ಯ ಎರಡೂ ಕಡೆಗೆ ಸಿಗುತ್ತದೆ. ಶಟಲ್ ಆಡಿ ಬಂದವರು ಇಲ್ಲಿ ತಪ್ಪದೆ ಎಡವುತ್ತಾರೆ. ಸರ್ವ್ ಮಾಡಿದ ಕೂಡಲೇ ಮುಂದೆ ನುಗ್ಗುವುದು ಅವರ ಕಾಲಿನ ಅಭ್ಯಾಸ. ಎದುರಿನಿಂದ ಉದ್ದಕ್ಕೆ ಬಂದ ಚೆಂಡು ಪುಟಿಯಲೆಂದು ಕಾಯಲು ಹಿಂದೆ ಜಾಗವೇ ಇಲ್ಲದೆ ಎದೆಮಟ್ಟದಲ್ಲೇ ಹೊಡೆದುಬಿಡುತ್ತಾರೆ, ಫಾಲ್ಟ್ ಆಗುತ್ತದೆ. ಸರ್ವ್ ಮಾಡಿದ ಜೋಡಿ ಮೂರನೆಯ ಹೊಡೆತದವರೆಗೆ ಹಿಂದಿನ ಗೆರೆಯ ಬಳಿಯೇ ನಿಲ್ಲಬೇಕು, ಸರ್ವ್ ಎದುರಿಸುವವರು ಹಿಂದಿರುಗಿಸಿದ ಕೂಡಲೇ ಕಿಚನ್ ಗೆರೆಗೆ ಬಂದು ನಿಲ್ಲಬಹುದು. ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ: ಮುಂದಿನ ಜಾಗದ ಅನುಕೂಲ ಸರ್ವ್ ಎದುರಿಸುವವರದು, ಆದರೆ ಮುಂದೆ ಹೇಳುವಂತೆ ಅಂಕ ಗಳಿಸುವ ಹಕ್ಕು ಸರ್ವ್ ಮಾಡುವವರದು ಮಾತ್ರ. ಸರ್ವಿಸ್ ಆ ಕಡೆ ಈ ಕಡೆ ಹೋಗುತ್ತಲೇ ಇದ್ದು ಅಂಕ ಮಾತ್ರ 3–3ರಲ್ಲೇ ನಿಂತುಬಿಡುವುದಕ್ಕೆ ಇದೇ ಕಾರಣ.

ಕಿಚನ್

ಹೆಸರಿಗೆ ಅಡುಗೆಮನೆಯಾದರೂ ಇದರೊಳಗೆ ಹೋಗಬಾರದೆಂಬ ನಿಯಮವೇನೂ ಇಲ್ಲ. ಯಾವಾಗ ಬೇಕಾದರೂ ಹೋಗಬಹುದು, ಎಷ್ಟು ಹೊತ್ತಾದರೂ ನಿಲ್ಲಬಹುದು, ಪುಟಿದ ಚೆಂಡನ್ನು ಅಲ್ಲಿಂದಲೇ ಹೊಡೆಯಬಹುದು. ನಿಷೇಧವಿರುವುದು ವಾಲಿಗೆ ಮಾತ್ರ. ಕಿಚನ್ ಒಳಗಿನ ನೆಲವನ್ನೋ ಅದರ ಗೆರೆಯನ್ನೋ ಮುಟ್ಟಿಕೊಂಡು ಚೆಂಡನ್ನು ಗಾಳಿಯಲ್ಲಿ ಹೊಡೆಯುವಂತಿಲ್ಲ. ಕುಂಟೆಬಿಲ್ಲೆ ಆಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಅಲ್ಲಿಯ ಹಾಗೆ ಇಲ್ಲಿಯೂ ಗೆರೆ ತುಳಿದರೆ ಒಳಗೆ ಕಾಲಿಟ್ಟಂತೆಯೇ ಲೆಕ್ಕ. ನೆಲಕ್ಕಷ್ಟೇ ಈ ನಿಯಮ, ಮೇಲಿನ ಗಾಳಿಗಲ್ಲ. ಕಾಲು ಹೊರಗಿದ್ದರೆ ಕೈಚಾಚಿ ಕಿಚನ್ ಮೇಲಿಂದ ವಾಲಿ ಮಾಡುವುದರಲ್ಲಿ ತಪ್ಪಿಲ್ಲ. ಒಳಗಿದ್ದವರು ಎರಡೂ ಪಾದಗಳನ್ನು ಹೊರಗೆ ಊರಿದ ಮೇಲಷ್ಟೇ ಮತ್ತೆ ವಾಲಿ ಮಾಡಬಹುದು. ಗಾಳಿಯಲ್ಲಿ ಹಿಂದಕ್ಕೆ ಜಿಗಿಯುತ್ತ ಹೊಡೆದರೆ ಸಾಲದು.

ಇದರಲ್ಲಿ ಅತಿ ಕಟುವಾದ ಭಾಗ ಓಟದ ಭರಕ್ಕೆ ಸಂಬಂಧಿಸಿದ್ದು. ವಾಲಿ ಮಾಡಿದ ಭರದಲ್ಲಿ ಆಮೇಲೆ ಕಿಚನ್ ತುಳಿದರೂ ಫಾಲ್ಟ್, ಅಷ್ಟರಲ್ಲಿ ಚೆಂಡು ಸತ್ತುಹೋಗಿದ್ದರೂ ಫಾಲ್ಟ್. ಒಂದು ಸಂಜೆ ನಮ್ಮ ಜೋಡಿ 10–8–2ರಲ್ಲಿ, ಅಂದರೆ ಗೆಲ್ಲಲು ಒಂದೇ ಅಂಕ ಬಾಕಿಯಿರುವಾಗ, ಸರ್ವ್ ಮಾಡುತ್ತಿತ್ತು. ಎದುರಿನಿಂದ ಚೆಂಡು ಭುಜದೆತ್ತರಕ್ಕೆ ಎದ್ದು ಬಂತು, ನಾನು ಅದನ್ನು ಇಬ್ಬರ ನಡುವೆ ನೆಲಕ್ಕೆ ಬಡಿದೆ, ಅದು ಹಿಂದಿನ ಗೋಡೆಗೆ ಹೋಗಿ ಉರುಳಿತು, ಜೊತೆಗಾರರು ಆಟ ಮುಗಿಯಿತೆಂದು ಕೈಕುಲುಕಲು ಬಂದರು. ಎದುರಾಳಿ ಮಾತನಾಡದೆ ಪ್ಯಾಡಲ್‌ನಿಂದ ನನ್ನ ಎಡಗಾಲಿನತ್ತ ತೋರಿಸಿದರು. ಶೂವಿನ ತುದಿ ಹಳದಿ ಟೇಪಿನ ಮೇಲಿತ್ತು. ಗೆದ್ದ ಆಟ ಸೈಡ್ ಔಟ್ ಆಗಿ, ಅಂದರೆ ಸರ್ವಿಸ್ ಎದುರಾಳಿಗಳಿಗೆ ಹೋಗಿ, ಕೊನೆಗೆ ಅವರು 12–10ಕ್ಕೆ ಗೆದ್ದುಕೊಂಡರು. ವಾಲಿಯ ಭರಕ್ಕೆ ಟೋಪಿ ಜಾರಿ ಕಿಚನ್ ಒಳಗೆ ಬಿದ್ದರೂ ಇದೇ ಗತಿ. ಆದ್ದರಿಂದ ಗೆರೆಯಿಂದ ಒಂದು ಗೇಣು ಹಿಂದೆ ನಿಂತು ಅಭ್ಯಾಸ ಮಾಡಿಕೊಳ್ಳಿ.

ಎಣಿಕೆ

ಈಗ ಮೂರು ಅಂಕಿಗಳಿಗೆ ಬರೋಣ. ಮೊದಲನೆಯದು ಸರ್ವ್ ಮಾಡುವ ಜೋಡಿಯ ಅಂಕ, ಎರಡನೆಯದು ಎದುರಿಸುವ ಜೋಡಿಯ ಅಂಕ, ಮೂರನೆಯದು ಅಂಕವೇ ಅಲ್ಲ: ಸರ್ವ್ ಮಾಡುತ್ತಿರುವವರು ಆ ಸರದಿಯಲ್ಲಿ ತಮ್ಮ ಜೋಡಿಯ ಮೊದಲನೆಯವರೋ ಎರಡನೆಯವರೋ ಎಂಬುದನ್ನು ಅದು ಹೇಳುತ್ತದೆ. ಅಂಕ ಸಿಗುವುದು ಸರ್ವ್ ಮಾಡುವ ಜೋಡಿ ರ‍್ಯಾಲಿ ಗೆದ್ದಾಗ ಮಾತ್ರ. ಅವರು ಸೋತರೆ ಯಾರಿಗೂ ಅಂಕವಿಲ್ಲ. ಒಂದನೆಯವರು ಸೋತರೆ ಸರ್ವ್ ಜೊತೆಗಾರರಿಗೆ ಹೋಗುತ್ತದೆ, ಎರಡನೆಯವರೂ ಸೋತರೆ ಎದುರಾಳಿಗಳಿಗೆ ಹೋಗುತ್ತದೆ. ಈ ಕೊನೆಯದಕ್ಕೆ ಸೈಡ್ ಔಟ್ ಎನ್ನುತ್ತಾರೆ.

2006ಕ್ಕೆ ಮುಂಚೆ ಶಟಲ್ ಆಡಿದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಆಗಿನ 15 ಅಂಕಗಳ ಆಟದಲ್ಲಿ ಅಂಕ ಸರ್ವ್ ಮಾಡುವವರಿಗೇ ಸಿಗುತ್ತಿತ್ತು. ಡಬಲ್ಸ್‌ನಲ್ಲಿ ಫಸ್ಟ್ ಹ್ಯಾಂಡ್, ಸೆಕೆಂಡ್ ಹ್ಯಾಂಡ್ ಎಂದು ಇಬ್ಬರೂ ಸರ್ವ್ ಮಾಡುತ್ತಿದ್ದರು. ಆಟ ಆರಂಭಿಸುವ ಜೋಡಿಗೆ ಮಾತ್ರ ಮೊದಲ ಸರದಿಯಲ್ಲಿ ಒಂದೇ ಹ್ಯಾಂಡ್. ಪಿಕಲ್‌ಬಾಲ್ ಈ ಹಳೆಯ ಲೆಕ್ಕವನ್ನೇ ಇಂದಿಗೂ ಉಳಿಸಿಕೊಂಡಿದೆ. ನಮ್ಮ ಅಂಗಳದಲ್ಲಿ ಐವತ್ತು ದಾಟಿದವರು ಹತ್ತು ನಿಮಿಷದಲ್ಲಿ ಹಿಡಿದ ಎಣಿಕೆಯನ್ನು 21 ಅಂಕಗಳ ಆಟ ಮಾತ್ರ ಕಂಡ ಕಾಲೇಜು ಹುಡುಗರು ವಾರಗಟ್ಟಲೆ ತಡಕಾಡಿದ್ದನ್ನು ನೋಡಿ ನನಗೆ ಸ್ವಲ್ಪ ಸಂತೋಷವಾದದ್ದೂ ಉಂಟು.

ಆಟ 0–0–2 ಎಂಬ ಕೂಗಿನಿಂದ ಆರಂಭವಾಗುವುದು ಆ ಒಂದೇ ಹ್ಯಾಂಡಿನ ಲೆಕ್ಕದಿಂದಲೇ. ಮೊದಲು ಸರ್ವ್ ಮಾಡುವ ಜೋಡಿಗೆ ಅನುಕೂಲ ಹೆಚ್ಚಾಗದಿರಲೆಂದು ಅವರ ಮೊದಲ ಸರದಿಯನ್ನು ಎರಡನೆಯವರಿಂದಲೇ ಶುರುಮಾಡುತ್ತಾರೆ.

ಒಂದು ಆಟವನ್ನು ನಿಧಾನವಾಗಿ ನಡೆಸಿ ನೋಡೋಣ. ಒಂದು ಕಡೆ ಮೇಷ್ಟ್ರು ಬಲದ ಮನೆಯಲ್ಲಿ, ನರ್ಸ್ ಎಡದ ಮನೆಯಲ್ಲಿ. ಇನ್ನೊಂದು ಕಡೆ ಬಟ್ಟೆ ಅಂಗಡಿಯವರು ಬಲದಲ್ಲಿ, ಕಾಲೇಜು ಹುಡುಗ ಎಡದಲ್ಲಿ ಇದ್ದಾರೆನ್ನಿ. ಮೇಷ್ಟ್ರು 0–0–2 ಎಂದು ಕೂಗಿ ಓರೆಯಾಗಿ ಅಂಗಡಿಯವರಿಗೆ ಸರ್ವ್ ಮಾಡುತ್ತಾರೆ, ರ‍್ಯಾಲಿ ಗೆಲ್ಲುತ್ತಾರೆ. ಅಂಕ 1–0–2. ಅಂಕ ಬಂದದ್ದರಿಂದ ಮೇಷ್ಟ್ರು ಮತ್ತು ನರ್ಸ್ ಮನೆ ಬದಲಿಸುತ್ತಾರೆ; ಮೇಷ್ಟ್ರು ಈಗ ಎಡದಿಂದ ಹುಡುಗನಿಗೆ ಸರ್ವ್ ಮಾಡುತ್ತಾರೆ. ಎದುರಿನ ಇಬ್ಬರು ತಾವಿದ್ದಲ್ಲೇ ಇರುತ್ತಾರೆ, ಏಕೆಂದರೆ ಸರ್ವ್ ಎದುರಿಸುವವರು ಎಂದೂ ಮನೆ ಬದಲಿಸುವುದಿಲ್ಲ. ಮತ್ತೆ ಗೆದ್ದರೆ 2–0–2, ಮೇಷ್ಟ್ರು ಪುನಃ ಬಲಕ್ಕೆ ಬರುತ್ತಾರೆ. ಈ ಸಲ ಅವರ ಹೊಡೆತ ನೆಟ್ಟಿಗೆ ಬಿತ್ತು. ಎರಡನೆಯವರೇ ಸೋತದ್ದರಿಂದ ಸೈಡ್ ಔಟ್. ನರ್ಸ್ ಒಮ್ಮೆಯೂ ಸರ್ವ್ ಮಾಡದೆ ಸರದಿ ಮುಗಿಯಿತು.

ಈಗ ಅಂಗಡಿಯವರ ಜೋಡಿಯ ಸರದಿ. ಸೈಡ್ ಔಟ್ ಆದಾಗಲೆಲ್ಲ ಮೊದಲ ಸರ್ವ್ ಬಲದ ಮನೆಯಲ್ಲಿ ಇರುವವರದು. ಅಂಗಡಿಯವರು ತಮ್ಮ ಅಂಕವನ್ನು ಮೊದಲು ಹೇಳಿ 0–2–1 ಎಂದು ಕೂಗುತ್ತಾರೆ. ಗೆದ್ದರು: 1–2–1, ಅಂಗಡಿಯವರು ಎಡಕ್ಕೆ, ಹುಡುಗ ಬಲಕ್ಕೆ. ಮುಂದಿನದನ್ನು ಸೋತರು: ಅಂಕ ಹಾಗೆಯೇ ಉಳಿದು ಮೂರನೆಯ ಅಂಕಿ ಮಾತ್ರ ಬದಲಾಗಿ 1–2–2 ಆಗುತ್ತದೆ. ಸರ್ವ್ ಹುಡುಗನಿಗೆ ಬಂತು. ಇಲ್ಲಿ ಹೊಸಬರು ಮನೆ ಬದಲಿಸಿಬಿಡುತ್ತಾರೆ, ಬದಲಿಸಬಾರದು. ಅಂಕ ಬಂದಿಲ್ಲವಲ್ಲ, ಹುಡುಗ ತಾನು ನಿಂತ ಬಲದ ಮನೆಯಿಂದಲೇ ಮೇಷ್ಟ್ರಿಗೆ ಸರ್ವ್ ಮಾಡುತ್ತಾನೆ. ಅವನು ಒಂದು ಗೆದ್ದು 2–2–2 ಮಾಡಿ, ಎಡಕ್ಕೆ ಹೋಗಿ, ಮುಂದಿನದನ್ನು ಸೋತರೆ ಮತ್ತೆ ಸೈಡ್ ಔಟ್. ಮೇಷ್ಟ್ರ ಜೋಡಿ 2–2–1 ಎಂದು ಶುರುಮಾಡುತ್ತದೆ.

ಒಂದನೆಯವರು, ಎರಡನೆಯವರು ಎಂಬುದು ಆಟದುದ್ದಕ್ಕೂ ಅಂಟಿಕೊಳ್ಳುವ ಹೆಸರಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿಯವರ ಜೋಡಿಗೆ 3 ಅಂಕವಿರುವಾಗ ಸರ್ವ್ ಮರಳಿ ಬಂದರೆ ಬಲದಲ್ಲಿ ನಿಂತಿರುವವನು ಹುಡುಗ. ಆ ಸರದಿಗೆ ಅವನೇ ಒಂದನೆಯವನು.

ಮೇಲಿನ ನಡೆಯನ್ನು ಮತ್ತೊಮ್ಮೆ ಓದಿ ಮೇಷ್ಟ್ರ ಕಾಲನ್ನು ಮಾತ್ರ ನೋಡಿ. ಅವರ ಜೋಡಿಯ ಅಂಕ 0 ಇದ್ದಾಗ ಬಲದಲ್ಲಿದ್ದರು, 1 ಆದಾಗ ಎಡದಲ್ಲಿ, 2 ಆದಾಗ ಬಲದಲ್ಲಿ. ಆಟ ಆರಂಭವಾದಾಗ ಬಲದಲ್ಲಿ ನಿಂತಿದ್ದವರು ತಮ್ಮ ಅಂಕ ಸಮಸಂಖ್ಯೆಯಾಗಿದ್ದಾಗಲೆಲ್ಲ ಬಲದಲ್ಲಿ, ಬೆಸಸಂಖ್ಯೆಯಾಗಿದ್ದಾಗಲೆಲ್ಲ ಎಡದಲ್ಲಿ ಇರಲೇಬೇಕು. ಇದು ಎರಡೂ ಜೋಡಿಗಳಿಗೆ ಅನ್ವಯಿಸುತ್ತದೆ. ಅಂಕ ಐದೋ ಆರೋ ಎಂದು ನಾಲ್ವರೂ ತಲೆ ಕೆರೆದುಕೊಳ್ಳುವಾಗ ಈ ಸೂತ್ರ ಅರ್ಧ ಜಗಳವನ್ನು ಬಗೆಹರಿಸುತ್ತದೆ. ಪಂದ್ಯಾವಳಿಗಳಲ್ಲಿ ಆರಂಭದ ಸರ್ವರ್ ಗುರುತಿಗಾಗಿ ಕೈಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ನಾವು ಕರವಸ್ತ್ರ ಕಟ್ಟುತ್ತೇವೆ, ಕೆಲಸ ಅದರಿಂದಲೂ ಆಗುತ್ತದೆ.

ಕೂಗು ಪೂರ್ತಿಯಾದ ಮೇಲಷ್ಟೇ ಚೆಂಡು ಹೊಡೆಯಬೇಕು, ಕೂಗಿದ ಹತ್ತು ಸೆಕೆಂಡಿನೊಳಗೆ ಹೊಡೆಯಬೇಕು. ಗೊಣಗಬೇಡಿ. ಎದುರಿನ ಮೂಲೆಯಲ್ಲಿರುವವರಿಗೆ ಕೇಳಿಸುವಂತೆ ಹೇಳಿದರೆ ತಪ್ಪಿದ್ದನ್ನು ಅವರು ಆಗಲೇ ತಿದ್ದುತ್ತಾರೆ. ರ‍್ಯಾಲಿ ಮುಗಿದ ಮೇಲೆ ತಿದ್ದಲು ಹೊರಟರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ.

ಗೆರೆ ಮತ್ತು ಉಳಿದ ಫಾಲ್ಟ್‌ಗಳು

ಅಂಪೈರ್ ಇಲ್ಲದ ಆಟದಲ್ಲಿ ನಿಮ್ಮ ಕಡೆಯ ಗೆರೆಗೆ ನೀವೇ ನ್ಯಾಯಾಧೀಶರು. ಗೆರೆಗೆ ತಾಗಿದ ಚೆಂಡು ಒಳಗೆ. ಗೆರೆಗೂ ಚೆಂಡಿಗೂ ನಡುವೆ ಜಾಗ ಸ್ಪಷ್ಟವಾಗಿ ಕಂಡರೆ ಮಾತ್ರ ಔಟ್. ಅನುಮಾನದ ಲಾಭ ಎದುರಾಳಿಗೆ ಸೇರಬೇಕು, ಜೊತೆಗಾರರಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೂ ಅದು ಒಳಗೇ. ಚೆಂಡು ಇನ್ನೂ ಗಾಳಿಯಲ್ಲಿರುವಾಗ “ಬಿಡು, ಬಿಡು” ಎಂದು ಜೊತೆಗಾರರಿಗೆ ಕೂಗುವುದು ತೀರ್ಪಲ್ಲ, ಆಟದ ಮಾತು; ಪುಟಿದ ಮೇಲೆ “ಔಟ್” ಎಂದರೆ ಮಾತ್ರ ಆಟ ಅಲ್ಲಿಗೆ ನಿಲ್ಲುತ್ತದೆ.

ಹೊರಗೆ ಹೋಗುತ್ತಿರುವ ಚೆಂಡನ್ನು ಅದು ಪುಟಿಯುವ ಮುನ್ನವೇ ಕೈಯಲ್ಲಿ ಹಿಡಿದು ಎದುರಾಳಿಗೆ ಕೊಡುವ ಸೌಜನ್ಯ ನಮ್ಮಲ್ಲಿ ಬಹಳ ಜನರಿಗಿದೆ. ಪಿಕಲ್‌ಬಾಲ್‌ನಲ್ಲಿ ಆ ಸೌಜನ್ಯಕ್ಕೆ ದಂಡವುಂಟು: ಪುಟಿಯದ ಚೆಂಡು ನಿಮ್ಮ ಮೈಗೋ ಬಟ್ಟೆಗೋ ತಾಗಿದರೆ, ನೀವು ಅಂಗಳದ ಹೊರಗೆ ನಿಂತಿದ್ದರೂ ಫಾಲ್ಟ್ ನಿಮ್ಮದೇ. ಆಟ ನಡೆಯುವಾಗ ನೆಟ್ ಮುಟ್ಟುವುದು, ಚೆಂಡು ಎರಡು ಸಲ ಪುಟಿಯಲು ಬಿಡುವುದು ಇವೂ ಫಾಲ್ಟ್‌ಗಳು. ಪಕ್ಕದ ಅಂಗಳದ ಚೆಂಡು ಉರುಳಿ ಬಂದರೆ ಕೂಗಿ ನಿಲ್ಲಿಸಿ ಆ ರ‍್ಯಾಲಿಯನ್ನು ಮತ್ತೆ ಆಡಬಹುದು.

ಸಿಂಗಲ್ಸ್‌ನಲ್ಲಿ ಮೂರನೆಯ ಅಂಕಿ ಇಲ್ಲ. ಸರ್ವ್ ಮಾಡುವವರ ಅಂಕ ಸಮವಾದರೆ ಬಲದಿಂದ, ಬೆಸವಾದರೆ ಎಡದಿಂದ. ಸೋತ ಕೂಡಲೇ ಸರ್ವ್ ಎದುರಾಳಿಗೆ ಹೋಗುತ್ತದೆ.

ಆಟ ಸಾಮಾನ್ಯವಾಗಿ 11 ಅಂಕಗಳಿಗೆ ಮುಗಿಯುತ್ತದೆ, ಎರಡು ಅಂಕಗಳ ಅಂತರವಿದ್ದರೆ ಮಾತ್ರ. 10–10 ಆದರೆ 12–10, 13–11 ಹೀಗೆ ಅಂತರ ಬರುವ ತನಕ ಆಡಬೇಕು. ಮೂರು ಆಟಗಳ ಪಂದ್ಯದಲ್ಲಿ ಕೊನೆಯ ಆಟ 6 ಅಂಕಕ್ಕೆ ಬಂದಾಗ ಜೋಡಿಗಳು ಕಡೆ ಬದಲಿಸುತ್ತವೆ. ಗಾಳಿ ಒಂದೇ ದಿಕ್ಕಿಗೆ ಬೀಸುವ ಬಯಲು ಅಂಗಳದಲ್ಲಿ ಇದು ಎಷ್ಟು ಮುಖ್ಯವೆಂಬುದು ದುರ್ಗದವರಿಗೆ ಹೇಳಬೇಕಾಗಿಲ್ಲ. ಕೆಲವು ಲೀಗ್‌ಗಳಲ್ಲಿ ಈಗಿನ ಶಟಲ್ ಹಾಗೆ ಪ್ರತಿ ರ‍್ಯಾಲಿಗೂ ಅಂಕ ಕೊಡುವ ಪದ್ಧತಿ ಇದೆ, ಅಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಆದ್ದರಿಂದ ಹೊಸ ಅಂಗಳಕ್ಕೆ ಹೋದಾಗ ಟಾಸ್ ಹಾಕುವ ಮುನ್ನವೇ ಯಾವ ಎಣಿಕೆ, ಎಷ್ಟಕ್ಕೆ ಆಟ ಎಂದು ಕೇಳಿಕೊಳ್ಳಿ.